ಪಂಪ್ ಮೋಟಾರ್ ಸರ್ಕ್ಯೂಟ್ ಕೋಡ್ ಬಂದಿದೆ, ಎಬಿಎಸ್ ಯೂನಿಟ್ ಬದಲಿಸಲೇಬೇಕೇ? ಸ್ಕ್ಯಾನರ್‌ನಿಂದ ಮೋಟಾರ್ ಪರೀಕ್ಷಿಸುವುದು ಹೇಗೆ?

ಇಡೀ ಎಬಿಎಸ್ ಯೂನಿಟ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ಘಟಕ) ಬದಲಿಸಿ ಎಂದು ಗ್ಯಾರೇಜಿನವರು ಹೇಳಿದ್ದಾರೆ ಎಂದು ಬರೆದಿದ್ದೀರಿ. ಅದರ ಪಂಪ್ ತಿರುಗಿಸುವ ಮೋಟಾರ್ ಓಡಿಸಿ ನೋಡುವವರೆಗೆ ದಯವಿಟ್ಟು ಒಪ್ಪಿಕೊಳ್ಳಬೇಡಿ. ಈ ಕೋಡ್ (ಗಾಡಿಯ ಕಂಪ್ಯೂಟರ್ ದಾಖಲಿಸುವ ದೋಷದ ಸಂಕೇತ) ಬಂದ ಮಾತ್ರಕ್ಕೆ ಮೋಟಾರ್ ಸುಟ್ಟಿದೆ ಎಂದು ಅರ್ಥವಲ್ಲ. ಫ್ಯೂಸ್, ರಿಲೇ (ಮೋಟಾರ್‌ಗೆ ಕರೆಂಟ್ ಹಾಯಿಸುವ ಸ್ವಿಚ್), ವೈರ್, ಗ್ರೌಂಡ್ (ಗಾಡಿಯ ಲೋಹದ ಮೈಗೆ ಸೇರುವ ನೆಗೆಟಿವ್ ಜೋಡಣೆ), ಮೋಟಾರ್ ಇವುಗಳಲ್ಲಿ ಯಾವುದು ಕೈಕೊಟ್ಟರೂ ಅದೇ ಕೋಡ್ ಬರಬಹುದು.

ಎಂಜಿನ್ ಕೋಡ್ ಮಾತ್ರ ಓದುವ ಸ್ಕ್ಯಾನರ್ ಈ ಕೆಲಸಕ್ಕೆ ಸಾಲದು. ಎಬಿಎಸ್ ಮಾಡ್ಯೂಲ್‌ಗೆ (ಯೂನಿಟ್ ನಡೆಸುವ ಕಂಪ್ಯೂಟರ್‌ಗೆ) ಆದೇಶ ಕಳುಹಿಸಬಲ್ಲ ಸ್ಕ್ಯಾನರ್ ಬೇಕು. ಅದರ ಮೆನುವಿನಲ್ಲಿ ‘ಆಕ್ಟಿವ್ ಟೆಸ್ಟ್’ ಅಥವಾ ‘ಆಕ್ಚುಯೇಷನ್’ ಎಂದಿರುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಏಕೆಂದರೆ ಈ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಗಾಡಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು, ಎಂಜಿನ್ ಆಫ್ ಮಾಡಿ ಇಗ್ನಿಷನ್ ಮಾತ್ರ ಆನ್ ಇಟ್ಟುಕೊಂಡು ಮೋಟಾರ್‌ಗೆ ಆದೇಶ ಕೊಡಿ. ಒಮ್ಮೆಗೆ ಎರಡು ಮೂರು ಸೆಕೆಂಡು ಸಾಕು.

ಗುರ್ ಎಂದು ಸದ್ದು ಬಂದರೆ ಅದು ನಿಲ್ಲುವ ಬಗೆಯನ್ನೂ ಗಮನವಿಟ್ಟು ಕೇಳಿ. ಪರೀಕ್ಷೆಯ ಜೀವಾಳ ಇರುವುದೇ ಅಲ್ಲಿ. ಆರೋಗ್ಯವಾಗಿರುವ ಮೋಟಾರ್ ವಿದ್ಯುತ್ ಕಡಿತವಾದ ಮೇಲೂ ಕ್ಷಣಕಾಲ ತಿರುಗುತ್ತಾ ನಿಧಾನವಾಗಿ ನಿಲ್ಲುತ್ತದೆ. ಹಾಗೆ ತಿರುಗುವಾಗ ಅದೇ ಸ್ವಲ್ಪ ವೋಲ್ಟೇಜ್ ಹುಟ್ಟಿಸುತ್ತದೆ, ಅನೇಕ ಮಾಡ್ಯೂಲ್‌ಗಳು ಆ ವೋಲ್ಟೇಜ್ ನೋಡಿಯೇ ಮೋಟಾರ್ ನಿಜವಾಗಿ ತಿರುಗಿತೆಂದು ನಂಬುತ್ತವೆ. ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇಂಗಾಲದ ತುಂಡು) ಸವೆದಿದ್ದರೆ ಅಥವಾ ಬೇರಿಂಗ್ ಬಿಗಿದಿದ್ದರೆ ಆ ವೋಲ್ಟೇಜ್ ಸರಿಯಾಗಿ ಸಿಗುವುದಿಲ್ಲ. ಸದ್ದು ಕೇಳಿಸಿದರೂ ಕೋಡ್ ಮರಳಿ ಬರುವುದಕ್ಕೆ ಇದೊಂದು ಕಾರಣ.

ಸದ್ದೇ ಬಾರದಿದ್ದರೆ ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ, ಆದರೆ ಅದನ್ನೊಂದನ್ನೇ ನಂಬಬೇಡಿ. ತುಕ್ಕು ಹಿಡಿದು ಒಂದೇ ಎಳೆ ಉಳಿದ ವೈರಿನಲ್ಲೂ ಲೋಡ್ (ಕರೆಂಟ್ ಎಳೆಯುವ ಸಾಧನ) ಇಲ್ಲದಾಗ ಮೀಟರ್ 12 ವೋಲ್ಟ್ ತೋರಿಸುತ್ತದೆ. ಇಗ್ನಿಷನ್ ಆಫ್ ಮಾಡಿ ಯೂನಿಟ್‌ನ ಕನೆಕ್ಟರ್ ಬಿಚ್ಚಿ, ಮೋಟಾರಿನ ದಪ್ಪ ಸಪ್ಲೈ ವೈರ್ ಮತ್ತು ಅದೇ ಕನೆಕ್ಟರ್‌ನ ಗ್ರೌಂಡ್ ವೈರ್ ನಡುವೆ ಲೋಡ್ ಆಗಿ ಹೆಡ್‌ಲೈಟ್ ಬಲ್ಬ್ ಜೋಡಿಸಿ. ಪಿನ್ ಅಗಲವಾಗದಂತೆ ಎಚ್ಚರ ವಹಿಸಿ. ಬಲ್ಬ್ ಮಂದವಾಗಿ ಉರಿದರೆ ತೊಂದರೆ ವೈರಿಂಗ್‌ನಲ್ಲಿದೆ. ನನ್ನ ಅನುಭವದಲ್ಲಿ ಮೊದಲು ಬಿಚ್ಚಿ ಉಜ್ಜಬೇಕಾದದ್ದು ಗಾಡಿಯ ಲೋಹದ ಮೈಗೆ ಕಚ್ಚಿಸಿದ ಗ್ರೌಂಡ್ ಬೋಲ್ಟ್. ಬಲ್ಬ್ ಪ್ರಖರವಾಗಿ ಉರಿದೂ ಮೋಟಾರ್ ಮೌನವಾಗಿದ್ದರೆ ಮಾತ್ರ ಮೋಟಾರ್ ಅಥವಾ ಅದನ್ನು ನಡೆಸುವ ರಿಲೇ ಮೇಲೆ ಅನುಮಾನಪಡಿ. ಕೆಲವು ಗಾಡಿಗಳಲ್ಲಿ ಆ ರಿಲೇ ಮಾಡ್ಯೂಲ್‌ನ ಒಳಗೇ ಇರುತ್ತದೆ. ಕನೆಕ್ಟರ್ ಮತ್ತೆ ಹಾಕಿ ಸ್ಕ್ಯಾನರ್‌ನಿಂದ ಆದೇಶ ಕೊಟ್ಟು, ಮೋಟಾರನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಅದು ಓಡಿದರೆ ಬ್ರಷ್ ಹೋಗಿದೆ ಎಂದು ತಿಳಿಯಿರಿ. ಓಡಿತಲ್ಲ ಎಂದು ಅದನ್ನು ಹಾಗೇ ಬಿಡಬೇಡಿ.

ದುರಸ್ತಿಯಾದ ಮೇಲೆ ಕೋಡ್ ಅಳಿಸಿ ನಿಧಾನವಾಗಿ ಓಡಿಸಿ. ಅನೇಕ ಗಾಡಿಗಳು ಹೊರಟ ಸ್ವಲ್ಪ ಹೊತ್ತಿಗೇ ತಾವಾಗಿ ಮೋಟಾರನ್ನು ಒಮ್ಮೆ ಪರೀಕ್ಷಿಸಿಕೊಳ್ಳುತ್ತವೆ. ದುರಸ್ತಿಯಾಗುವವರೆಗೆ ಎಬಿಎಸ್ ದೀಪವೊಂದೇ ಉರಿಯುತ್ತಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಜೋರಾಗಿ ಒತ್ತಿದಾಗ ಚಕ್ರಗಳು ಲಾಕ್ ಆಗಬಹುದು. ಕೆಂಪು ಬ್ರೇಕ್ ದೀಪವೂ ಜೊತೆಗೆ ಉರಿದರೆ ಗಾಡಿ ತೆಗೆಯಲೇಬೇಡಿ.