ಹಳೆಯ ಮೋಟಾರು ದೋಣಿ: ಎಂಜಿನ್ನಿಗಿಂತ ಮೊದಲು ಒಡಲನ್ನು ನೋಡಿ

ಪ್ರಶ್ನೆ: ನಾವು ಹುಬ್ಬಳ್ಳಿಯ ವಿದ್ಯಾನಗರದವರು. ನನ್ನ ಹೆಂಡತಿಯ ತವರುಮನೆ ಕಾರವಾರದ ಹತ್ತಿರ ಸದಾಶಿವಗಡದಲ್ಲಿ, ಕಾಳಿ ನದಿಯ ದಂಡೆಯ ಮೇಲಿದೆ. ರಜೆಗೆ ಹೋದಾಗ ಮನೆಮಂದಿಯೆಲ್ಲ ನದಿಯಲ್ಲಿ ತಿರುಗಾಡಲೆಂದು 17 ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು, 40 ಅಶ್ವಶಕ್ತಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ (ಹಿಂಬದಿಗೆ ಹೊರಗಿನಿಂದ ತೂಗುಹಾಕುವ) ಎಂಜಿನ್ ಸಹಿತ, ಕೊಳ್ಳುವ ವಿಚಾರವಿದೆ. ಹೊಸದಾಗಿ ಬಣ್ಣ ಬಳಿದಿದ್ದಾರೆ. ಎಂಜಿನ್ ಒಂದೇ ಎಳೆತಕ್ಕೆ ಚಾಲೂ ಆಗುತ್ತದೆ. ಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕು?

ಉತ್ತರ: ತಾವು ಬರೆದ ಎರಡು ಒಳ್ಳೆಯ ಲಕ್ಷಣಗಳು, ಅಂದರೆ ಹೊಸ ಬಣ್ಣ ಮತ್ತು ಒಂದೇ ಎಳೆತಕ್ಕೆ ಚಾಲೂ ಆಗುವ ಎಂಜಿನ್, ನನ್ನ ಮಟ್ಟಿಗೆ ಹೆಚ್ಚು ಎಚ್ಚರ ವಹಿಸಬೇಕಾದ ಲಕ್ಷಣಗಳೇ. ಬೈತಖೋಲದ ಮೀನುಗಾರಿಕಾ ಬಂದರಿನಲ್ಲಿ ಹಲವು ವರ್ಷ ಎಂಜಿನ್ ದುರಸ್ತಿ ಮಾಡಿದ ನಾನೇ ಮೊದಲ ಸಲ ಸ್ವಂತಕ್ಕೆ ದೋಣಿ ಕೊಂಡಾಗ ಎಂಜಿನ್ನಿನ ಸದ್ದಿಗೆ ಮರುಳಾಗಿ ಒಡಲನ್ನು ಸರಿಯಾಗಿ ನೋಡಿರಲಿಲ್ಲ. ಮೂರನೆಯ ತಿಂಗಳಿಗೆ ಎಂಜಿನ್ ಹೊತ್ತ ಹಿಂಬದಿಯ ಗೋಡೆ ಬಿರುಕು ಬಿಟ್ಟಿತು. ಎಂಜಿನ್ ಕೆಟ್ಟರೆ ಬಿಚ್ಚಿ ರಿಪೇರಿ ಮಾಡಬಹುದು, ಬೇರೆಯದನ್ನಾದರೂ ಕೂರಿಸಬಹುದು. ಒಡಲು ಕೊಳೆತಿದ್ದರೆ ಅದಕ್ಕೆ ಸುರಿಯುವ ದುಡ್ಡು ದೋಣಿಯ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಮೊದಲ ಅರ್ಧ ತಾಸು ಎಂಜಿನ್ನನ್ನು ಚಾಲೂ ಮಾಡಲೇಬೇಡಿ.

ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆಯನ್ನು ಟ್ರಾನ್ಸಮ್ ಎನ್ನುತ್ತಾರೆ. ಹಳೆಯ ಫೈಬರ್ ದೋಣಿಗಳಲ್ಲಿ ಸಾಮಾನ್ಯವಾಗಿ ಅದರ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟು ಕೂರಿಸಿದ ತೂತುಗಳ ಮೂಲಕ ನೀರು ನುಸುಳಿದರೆ ಹೊರಗಿನ ಫೈಬರ್ ಚೆನ್ನಾಗಿದ್ದು, ಒಳಗಿನ ಕಟ್ಟಿಗೆ ಮಾತ್ರ ನೆಂದ ರಟ್ಟಿನಂತೆ ಆಗಿರುತ್ತದೆ. ಸಂತೆಯಲ್ಲಿ ಮಣ್ಣಿನ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಾರಿಸಿ ನೋಡುತ್ತೇವಲ್ಲ, ಹಾಗೆಯೇ ಸ್ಕ್ರೂಡ್ರೈವರಿನ ಹಿಡಿಯಿಂದ ಆ ಗೋಡೆಯನ್ನು ಅಂಗೈ ಅಗಲಕ್ಕೊಮ್ಮೆ ಬಾರಿಸುತ್ತ ಹೋಗಿ. ಗಟ್ಟಿ ಇದ್ದಲ್ಲಿ ಸದ್ದು ಟಣ್ ಎಂದು ಚುರುಕಾಗಿ ಬರುತ್ತದೆ. ಕೊಳೆತಲ್ಲಿ ಡಬ್ ಎಂದು ಸತ್ತಂತೆ ಬರುತ್ತದೆ. ಬಳಿಕ ಎಂಜಿನ್ನಿನ ಕಾಲನ್ನು, ಅಂದರೆ ಪ್ರೊಪೆಲರ್ ಇರುವ ಕೆಳಭಾಗವನ್ನು, ಎರಡೂ ಕೈಯಿಂದ ಹಿಡಿದು ಮೇಲೆ ಕೆಳಗೆ ಬಲವಾಗಿ ಅಲುಗಾಡಿಸಿ, ಜೊತೆಗಿದ್ದವರಿಗೆ ಗೋಡೆಯ ಮೇಲಂಚನ್ನೇ ದಿಟ್ಟಿಸಲು ಹೇಳಿ. ಗೋಡೆ ಬಾಗುವುದು ಕಣ್ಣಿಗೆ ಕಂಡರೆ ಅಲ್ಲಿಗೆ ಮಾತು ಮುಗಿಸಿ ಎದ್ದು ಬರುವುದೇ ಲೇಸು.

ನೆಲಹಾಸಿನ ಮೇಲೆ ನಡೆದಾಗ ಎಲ್ಲಿಯಾದರೂ ಮೆತ್ತಗೆ ಕುಸಿದಂತೆ ಅನಿಸಿದರೆ, ಕೆಳಗೆ ತುಂಬಿರುವ ಫೋಮ್ ನೀರು ಕುಡಿದಿರುವ ಸಂಭವ ಹೆಚ್ಚು. ಮುಳುಗದಿರಲೆಂದು ತುಂಬುವ ಈ ಫೋಮ್ ವರ್ಷಗಟ್ಟಲೆ ನೀರಿನಲ್ಲಿ ನೆನೆದರೆ ಹೀರಿಕೊಂಡದ್ದನ್ನು ಬಿಟ್ಟುಕೊಡುವುದಿಲ್ಲ, ಮತ್ತು ಒಂದು ಲೀಟರ್ ನೀರೆಂದರೆ ಒಂದು ಕಿಲೋ ತೂಕ. ದೋಣಿ ಟ್ರೇಲರಿನ ಮೇಲಿದ್ದರೆ ಲಾರಿ ತೂಗುವ ಯಾವುದಾದರೂ ಕಾಟಾದ ಮೇಲೆ ಒಮ್ಮೆ ದೋಣಿ ಸಹಿತ, ಒಮ್ಮೆ ಬರೀ ಟ್ರೇಲರನ್ನು ತೂಗಿಸಿ, ಬಂದ ವ್ಯತ್ಯಾಸವನ್ನು ತಯಾರಕರು ಕೊಟ್ಟ ತೂಕದೊಡನೆ ಹೋಲಿಸಿ. ಅಮರಗೋಳದ ಎಪಿಎಂಸಿಯಲ್ಲಿ ಮೆಣಸಿನಕಾಯಿ ಲಾರಿಯನ್ನು ತೂಗುವಷ್ಟೇ ಸರಳವಾದ ಈ ಕೆಲಸವನ್ನು ದೋಣಿ ಕೊಳ್ಳುವವರು ಮಾಡುವುದು ಬಹಳ ಅಪರೂಪ.

ಇನ್ನು ಎಂಜಿನ್. ತಾವು ಹೋದ ಕೂಡಲೇ ಮೇಲಿನ ಮುಚ್ಚಳ ತೆಗೆಸಿ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ತಾವು ಬರುವ ಮುನ್ನವೇ ಅದನ್ನು ಓಡಿಸಿ ಕಾಯಿಸಿಟ್ಟಿದ್ದಾರೆ ಎಂದರ್ಥ, ಇನ್ನೊಂದು ದಿನ ಹೇಳದೆ ಹೋಗಿ. ಕೆಳಗಿನ ಗೇರ್ ಕೋಶದ ತಳದ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಆಯಿಲನ್ನು ಬೆರಳಿನ ಮೇಲೆ ಇಳಿಸಿಕೊಳ್ಳಿ. ಅದು ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ಸೀಲು ಹೋಗಿ ನೀರು ಒಳಸೇರಿದೆ. ಬೆರಳುಗಳ ನಡುವೆ ತಿಕ್ಕಿದಾಗ ಲೋಹದ ಚೂರು ತಾಗಿದರೆ ಗೇರಿನ ಹಲ್ಲುಗಳೇ ಸವೆಯುತ್ತಿವೆ. ಪ್ರತಿಯೊಂದು ಸಿಲಿಂಡರಿನ ಕಂಪ್ರೆಶನ್, ಅಂದರೆ ಪಿಸ್ಟನ್ ಮೇಲೇರಿದಾಗ ಒಳಗೆ ಉಂಟಾಗುವ ಒತ್ತಡವನ್ನು, ಅಳೆಸಿ. ಅವುಗಳ ನಡುವೆ ಶೇ 10-15ಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು. ನೀರಿನ ಸಂಪರ್ಕವಿಲ್ಲದೆ ಎಂಜಿನ್ನನ್ನು ಓಡಿಸಲು ಯಾರಿಗೂ ಬಿಡಬೇಡಿ, ಏಕೆಂದರೆ ತಂಪು ನೀರು ಎಳೆಯುವ ರಬ್ಬರಿನ ಇಂಪೆಲರ್ ಒಣಗಿದ್ದಾಗ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಚಾಲೂ ಆದ ಮೇಲೆ ಹಿಂದಿನಿಂದ ಚಿಮ್ಮುವ ನೀರಿನ ಎಳೆ ಬಲವಾಗಿ, ಕಡಿಯದಂತೆ ಬರಬೇಕು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ಆಗ ದೋಣಿಗಳನ್ನು ದಡಕ್ಕೆ ಎಳೆದಿರುತ್ತಾರೆ, ತಳವೆಲ್ಲ ಕಾಣುತ್ತದೆ. ಆ ಹೊತ್ತಿನಲ್ಲಿ ನೋಡಿ ಬನ್ನಿ, ಆದರೆ ಹಣ ಕೊಡುವುದನ್ನು ಮಳೆಗಾಲ ಮುಗಿದು ನೀರಿಗಿಳಿಸಿ ಓಡಿಸಿ ನೋಡುವವರೆಗೆ ತಡೆಯಿರಿ. ಓಡಿಸಿ ನೋಡುವಾಗ ಒಬ್ಬರೇ ಹೋಗದೆ, ಮುಂದೆ ಎಷ್ಟು ಜನ ಕೂರುವಿರೋ ಅಷ್ಟೂ ಜನರನ್ನು, ಮಕ್ಕಳಿಗೆ ಅವರ ಅಳತೆಯ ಜೀವರಕ್ಷಕ ಜಾಕೆಟ್ ತೊಡಿಸಿಯೇ, ಕೂರಿಸಿಕೊಳ್ಳಿ.

ಕಾಗದಪತ್ರದ ವಿಷಯವನ್ನು ಅಸಡ್ಡೆ ಮಾಡಬೇಡಿ. 1917ರ ಹಳೆಯ ಕಾನೂನಿನ ಜಾಗದಲ್ಲಿ ಈಗ 2021ರ ಒಳನಾಡು ನೌಕೆಗಳ ಕಾಯ್ದೆ ಇದ್ದು, ಯಂತ್ರಚಾಲಿತ ನೌಕೆಗೆ ನೋಂದಣಿ, ತಪಾಸಣಾ ಪ್ರಮಾಣಪತ್ರ ಮತ್ತು ವಿಮೆಯನ್ನು ಅದು ಕೇಳುತ್ತದೆ. ಎಂಜಿನ್ನಿನ ಮೇಲಿನ ಕ್ರಮಸಂಖ್ಯೆ ಕಾಗದದಲ್ಲಿರುವುದಕ್ಕೆ ತಾಳೆಯಾಗದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬೇಡಿ. ಅಳಿವೆ ದಾಟಿ ಕಡಲಿಗೆ ಹೋಗುವುದು ಬೇರೆಯೇ ಮಾತು. ಈ ದೋಣಿಯಲ್ಲಿ ಕುಟುಂಬವನ್ನು ಕರೆದುಕೊಂಡು ನದಿಯ ಬಾಯಿ ದಾಟಬೇಡಿ.

ಪ್ರಶ್ನೆ: ಧಾರವಾಡದಿಂದ ಬರೆಯುತ್ತಿದ್ದೇನೆ. ಕಳೆದ ವರ್ಷ ಕೊಂಡ ನಮ್ಮ ದೋಣಿಯೂ 17 ಅಡಿಯದು, ಎಂಜಿನ್ 40 ಅಶ್ವಶಕ್ತಿಯದು. ಇಬ್ಬರು ಕೂತರೆ ಸೊಗಸಾಗಿ ಓಡುತ್ತದೆ. ಆರು ಜನ ಕೂತರೆ ಮೂತಿ ಮೇಲೆತ್ತಿಕೊಂಡು ನೀರನ್ನು ಉಳುತ್ತ ಹೋಗುತ್ತದೆಯೇ ಹೊರತು ವೇಗ ಹಿಡಿಯುವುದಿಲ್ಲ. ಪೂರ್ತಿ ಎಕ್ಸಿಲರೇಟರ್ ಕೊಟ್ಟರೂ 4200 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ದಾಟದು, ಮೊಬೈಲಿನ ಜಿಪಿಎಸ್‌ನಲ್ಲಿ ಗಂಟೆಗೆ 22 ಕಿ.ಮೀ. ತೋರಿಸುತ್ತದೆ. ಪ್ರೊಪೆಲರ್ ಮೇಲೆ 13 ಎಂದು ಬರೆದಿದೆ. ಮಾರಿದವರು 60 ಅಶ್ವಶಕ್ತಿಯ ಎಂಜಿನ್ ಕೂರಿಸಿ ಎನ್ನುತ್ತಾರೆ. ಸರಿಯೇ?

ಉತ್ತರ: ಇಷ್ಟು ಅಂಕಿಗಳನ್ನು ಬರೆದು ಕಳಿಸಿದ್ದಕ್ಕೆ ತಮಗೆ ಕೃತಜ್ಞತೆಗಳು, ಅವೇ ಉತ್ತರವನ್ನು ಹೇಳುತ್ತಿವೆ. 60 ಅಶ್ವಶಕ್ತಿಯ ಎಂಜಿನ್ ಬೇಡ. ಟ್ರಾನ್ಸಮ್ ಎಷ್ಟು ಶಕ್ತಿಯ ಎಂಜಿನ್ ತಡೆಯಬಲ್ಲದೆಂಬ ಮಿತಿಯನ್ನು ತಯಾರಕರು ನಿಗದಿ ಮಾಡಿರುತ್ತಾರೆ. ಅದನ್ನು ಮೀರಿದರೆ ಅಪಾಯ. ಮೀರದಿದ್ದರೂ, ದೊಡ್ಡ ಎಂಜಿನ್ನಿನ ಹೆಚ್ಚಿನ ತೂಕ ಈಗಾಗಲೇ ಕುಸಿದಿರುವ ಹಿಂಬದಿಯ ಮೇಲೆಯೇ ಬೀಳುತ್ತದೆ.

ಪ್ರೊಪೆಲರಿನ 13 ಎಂಬುದು ಇಂಚಿನ ಲೆಕ್ಕದ ಪಿಚ್ ಆಗಿದ್ದರೆ, ಒಂದು ಸುತ್ತಿಗೆ ಅದು ಜಾರದೆ ಮುಂದೆ ಸಾಗಬೇಕಾದ ದೂರ ಅಷ್ಟು. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದಲೂ (ಪ್ರೊಪೆಲರ್ ಒಂದು ಸುತ್ತು ತಿರುಗಲು ಎಂಜಿನ್ ತಿರುಗುವ ಸುತ್ತುಗಳು) 656ರಿಂದಲೂ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂಬುದು ಬರುತ್ತದೆ. ತಮ್ಮ ಎಂಜಿನ್ನಿನ ಗೇರ್ ಅನುಪಾತ 2 ಎಂದಿಟ್ಟುಕೊಂಡರೆ ಲೆಕ್ಕದ ವೇಗ ಸುಮಾರು 42 ಕಿ.ಮೀ., ನಿಜವಾದದ್ದು 22. ಈ ಎರಡರ ನಡುವಿನ ಅಂತರವೇ ಜಾರಿಕೆ; ಚೆನ್ನಾಗಿ ಓಡುವ ದೋಣಿಯಲ್ಲಿ ಅದು ಲೆಕ್ಕದ ವೇಗದ ಶೇ 10ರಿಂದ 20ರೊಳಗೆ ಇರುತ್ತದೆ. ತಮ್ಮದರಲ್ಲಿ ಹತ್ತಿರ ಹತ್ತಿರ ಅರ್ಧ ಶ್ರಮ ನೀರನ್ನು ಕಡೆಯುವುದರಲ್ಲೇ ಹೋಗುತ್ತಿದೆ. ದೋಣಿ ನೀರಿನ ಮೇಲಕ್ಕೇರಿ ಓಡುವ ಸ್ಥಿತಿಗೆ ಬರುತ್ತಲೇ ಇಲ್ಲ. ಈ ತರಹದ ಬಹಳಷ್ಟು ಎಂಜಿನ್ನುಗಳಿಗೆ ಪೂರ್ತಿ ಎಕ್ಸಿಲರೇಟರಿನಲ್ಲಿ 4500ರಿಂದ 5500 ಆರ್‌ಪಿಎಂ ಇರಬೇಕೆಂದು ತಯಾರಕರು ಹೇಳುತ್ತಾರೆ. ಅದಕ್ಕಿಂತ ಕೆಳಗೆ ಪೂರ್ತಿ ಹೊರೆಯಲ್ಲಿ ದುಡಿಸಿದರೆ, ಏರುದಾರಿಯಲ್ಲಿ ನಾಲ್ಕನೇ ಗೇರಿನಲ್ಲೇ ಗಾಡಿ ತಿಣುಕಾಡಿಸಿದಂತೆ ಎಂಜಿನ್ನಿನ ಆಯುಷ್ಯ ಸವೆಯುತ್ತದೆ.

ಮೊದಲು ಖರ್ಚಿಲ್ಲದ ಕೆಲಸಗಳನ್ನು ಮಾಡಿ. ಆರು ಜನರೆಂದರೆ ಹೆಚ್ಚುಕಡಿಮೆ 400 ಕಿಲೋ. ಅವರಲ್ಲಿ ಇಬ್ಬರನ್ನು ಮುಂದಕ್ಕೆ ಕೂರಿಸಿ. 25 ಲೀಟರಿನ ಎರಡು ಕ್ಯಾನು ಪೆಟ್ರೋಲ್ ಹಿಂಬದಿಯಲ್ಲಿದ್ದರೆ ಅದೇ 37 ಕಿಲೋ ಆಗುತ್ತದೆ. ಅವನ್ನು, ಬ್ಯಾಟರಿಯನ್ನು, ಲಂಗರನ್ನು ನಡುವಿಗೆ ತನ್ನಿ. ಎಂಜಿನ್ನಿನ ಓರೆಯನ್ನು ನಿಗದಿಪಡಿಸುವ ಪಿನ್ನನ್ನು ಒಂದು ತೂತಿನಷ್ಟು ದೋಣಿಯ ಕಡೆಗೆ ಸರಿಸಿದರೆ ಮೂತಿ ಬೇಗ ಕೆಳಗಿಳಿಯುತ್ತದೆ. ತಳಕ್ಕೆ ಪಾಚಿ, ಚಿಪ್ಪು ಹತ್ತಿದ್ದರೆ ಕೆರೆದು ತೊಳೆಯಿರಿ. ಅಂಗೈಗೆ ಜಾರುವಷ್ಟು ತೆಳುವಾದ ಲೋಳೆ ಕೂಡ ವೇಗವನ್ನು ತಿನ್ನುತ್ತದೆ.

ಬಳಿಕ ಎಂಜಿನ್ನಿನ ಎತ್ತರ. ಪ್ರೊಪೆಲರಿನ ಮೇಲ್ಗಡೆ ಒಂದು ಚಪ್ಪಟೆ ರೆಕ್ಕೆಯಿದೆ. ದೋಣಿಯ ತಳಕ್ಕೆ ಉದ್ದನೆಯ ನೇರ ಪಟ್ಟಿ ಹಿಡಿದು ಹಿಂದಕ್ಕೆ ಚಾಚಿದಾಗ ಆ ರೆಕ್ಕೆ ಪಟ್ಟಿಯ ಮಟ್ಟಕ್ಕೆ, ಅಥವಾ ಒಂದು ಇಂಚಿನವರೆಗೆ ಮೇಲೆ, ಬರಬೇಕು. 15 ಇಂಚಿನ ಟ್ರಾನ್ಸಮ್‌ಗೆ 20 ಇಂಚಿನ ಉದ್ದ ಕಾಲಿನ ಎಂಜಿನ್ ಕೂರಿಸಿ ಮಾರಿದ ದೋಣಿಗಳನ್ನು ನಾನು ಕಂಡಿದ್ದೇನೆ. ಐದು ಇಂಚು ಹೆಚ್ಚಿನ ಲೋಹವನ್ನು ನೀರಿನಲ್ಲಿ ಎಳೆಯುತ್ತ ಹೋದರೆ ಯಾವ ಎಂಜಿನ್ ತಾನೇ ಓಡೀತು? ಅದೇ ಪಟ್ಟಿಯನ್ನು ತಳದ ಕೊನೆಯ ಐದಡಿಗೆ ಆನಿಸಿ, ಎಲ್ಲಿಯೂ ಬಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಟ್ರೇಲರಿನ ಮೇಲೆ ಸರಿಯಾದ ಆಧಾರವಿಲ್ಲದೆ ವರ್ಷಗಟ್ಟಲೆ ನಿಂತ ದೋಣಿಯ ತಳ ಅಲ್ಲಿಯೇ ಡೊಂಕಾಗುತ್ತದೆ.

ಇಷ್ಟಾದ ಮೇಲೆಯೇ ಪ್ರೊಪೆಲರನ್ನು ಬದಲಿಸಿ. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ ಎಂಬುದು ರೂಢಿಯ ಲೆಕ್ಕ; ಆದ್ದರಿಂದ 11ರ ಪಿಚ್ ತಮಗೆ ಹೊಂದಬೇಕು. ಸಣ್ಣ ಪಿಚ್‌ಗೆ ವೇಗ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಬೇಡ: ದೋಣಿ ನೀರಿನ ಮೇಲೇರಿ 5000 ಆರ್‌ಪಿಎಂ ಮುಟ್ಟಿ ಜಾರಿಕೆ ಶೇ 15ಕ್ಕೆ ಇಳಿದರೆ, ಅದೇ ಲೆಕ್ಕದ ಪ್ರಕಾರ ಗಂಟೆಗೆ ಸುಮಾರು 36 ಕಿ.ಮೀ. ಬರುತ್ತದೆ. ಆದರೆ ಇಬ್ಬರೇ ಕೂತಾಗ 5500 ದಾಟದಂತೆ ಎಕ್ಸಿಲರೇಟರಿನ ಮೇಲೆ ಹಿಡಿತವಿರಲಿ.

ಪೆಟ್ರೋಲಿನ ಬಗೆಗೂ ಒಂದು ಮಾತು ಹೇಳಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಮತ್ತು ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳ ಸೇರಿ ಎಂಜಿನ್ನಿಗೆ ಮೊದಲು ಅವೇ ಹೋಗುತ್ತವೆ. ರಜೆಯಿಂದ ರಜೆಗೆ ಮಾತ್ರ ಓಡಿಸುವವರು ಉಳಿದದ್ದನ್ನು ಬಸಿದಿಡಬೇಕು, ಹಳೆಯ ರಬ್ಬರ್ ಪೈಪುಗಳನ್ನು ಬದಲಿಸಬೇಕು, ನೀರು ಬೇರ್ಪಡಿಸುವ ಫಿಲ್ಟರನ್ನು ಹಾಕಿಸಬೇಕು.

ಪ್ರಶ್ನೆ: ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನವರು ನಾವು. ಕರಾವಳಿಯಲ್ಲಿ ಕೊಂಡ ದೋಣಿಯನ್ನು ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗೆ ತಂದರೆ ಏನಾದರೂ ಬದಲಿಸಬೇಕೇ?

ಉತ್ತರ: ತರುವ ಮೊದಲು ನೀರಾವರಿ ಅಧಿಕಾರಿಗಳ ಲಿಖಿತ ಅನುಮತಿ ಪಡೆಯಿರಿ. ಅನುಮತಿ ಸಿಕ್ಕರೂ ಬ್ಯಾರೇಜಿನ ಗೇಟುಗಳಿಂದ ದೂರವಿರಿ, ಹಾಗೂ ನೀರು ಇಳಿದಾಗ ಬಂಡೆಗಳು ಎಲ್ಲೆಲ್ಲಿ ತಲೆ ಎತ್ತುತ್ತವೆ ಎಂಬುದನ್ನು ಅಲ್ಲಿನ ಮೀನುಗಾರರನ್ನೇ ಕೇಳಿ ತಿಳಿದುಕೊಳ್ಳಿ. ತಮ್ಮ ಕಡೆಯ ನೀರು ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿರುವುದರಿಂದ, ತೆಳುವಾದ ಗಾಳಿಗೆ ಎಂಜಿನ್ನಿನ ಶಕ್ತಿ ಶೇ 5ರಷ್ಟು ಕುಗ್ಗುತ್ತದೆ. ಕಾರವಾರದಲ್ಲಿ ಸರಿಯಾಗಿದ್ದ ಪ್ರೊಪೆಲರ್ ಇಲ್ಲಿ ಒಂದು ಇಂಚು ಪಿಚ್ ಹೆಚ್ಚಾಯಿತು ಅನಿಸಬಹುದು. ಅರಬೈಲ್ ಘಟ್ಟ ಹತ್ತಿಸುವ ಮುಂಚೆಯೇ ಎಂಜಿನ್ನಿನೊಳಗೆ ಹತ್ತು ಹದಿನೈದು ನಿಮಿಷ ಸಿಹಿನೀರು ಹರಿಸಿ ಉಪ್ಪು ತೊಳೆಯಿಸಿ. ಉಪ್ಪುನೀರಿಗಾಗಿ ಕೂರಿಸಿದ ಸತುವಿನ ಆನೋಡ್, ಅಂದರೆ ಎಂಜಿನ್ನಿನ ಬದಲಿಗೆ ತಾನೇ ಸವೆಯಲೆಂದು ಹಾಕುವ ಲೋಹದ ತುಂಡು, ಸಿಹಿನೀರಿನಲ್ಲಿ ಮೇಲ್ಪೊರೆ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ. ಹಾಗಾದಾಗ ಸವೆಯುವುದು ಎಂಜಿನ್ನಿನ ಅಲ್ಯೂಮಿನಿಯಂ ಕಾಲು. ಆದ್ದರಿಂದ ಸತುವಿನದನ್ನು ಬಿಚ್ಚಿ ಮೆಗ್ನೀಸಿಯಂನದನ್ನು ಹಾಕಿಸಿ, ಮತ್ತೆ ಎಂದಾದರೂ ಕಡಲ ಕಡೆಗೆ ಒಯ್ದರೆ ಮೊದಲಿನದನ್ನೇ ಕೂರಿಸಿ, ಏಕೆಂದರೆ ಮೆಗ್ನೀಸಿಯಂ ಉಪ್ಪುನೀರಿನಲ್ಲಿ ಬಹುಬೇಗ ಕರಗಿಹೋಗುತ್ತದೆ.