ಡಿಸ್ನಿ ವರ್ಲ್ಡ್‌ನಲ್ಲಿ ಊಟದ ಖರ್ಚು ಉಳಿಸುವುದು ಹೇಗೆ?

ಮಕ್ಕಳ ಜೊತೆ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗುವಾಗ ಮನೆಯ ತಿಂಡಿ ಒಯ್ಯಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಒಯ್ಯಬಹುದು. ದುಡ್ಡು ಉಳಿಯುವುದೇ ಅಲ್ಲಿ.

ಗಾಜಿನ ಬಾಟಲಿ, ಮದ್ಯ, ಬಿಡಿ ಐಸ್ ಒಳಗೆ ಬಿಡುವುದಿಲ್ಲ. ತಿಂಡಿ ಬಿಸಿ ಮಾಡದೆ ತಿನ್ನುವಂಥದ್ದಾಗಿರಬೇಕು. ಇದು ನಮಗೆ ಅನುಕೂಲವೇ ಅಲ್ವಾ? ಪುಳಿಯೋಗರೆ, ಚಪಾತಿ ಸುರುಳಿ, ನಿಪ್ಪಟ್ಟು ಎಲ್ಲವೂ ತಣ್ಣಗಿದ್ದರೂ ರುಚಿ. ಹಾಗಾಗಿ ಇವನ್ನು ಮಾಡಿಕೊಳ್ಳಲು ಅಡುಗೆಮನೆ ಇರುವ ರೂಮ್ ಹುಡುಕಿ. ಬೆಳಗಿನ ತಿಂಡಿ ಅಲ್ಲೇ ಮುಗಿಸಿ ಹೊರಡಿ.

ನೀರಿನ ಬಾಟಲಿ ಸುಮ್ನೆ ಕೊಳ್ಳಬೇಡಿ. ತಂಪು ಪಾನೀಯ ಮಾರುವ ಕ್ವಿಕ್ ಸರ್ವಿಸ್ (ನಾವೇ ಹೋಗಿ ಊಟ ತೆಗೆದುಕೊಳ್ಳುವ) ಕೌಂಟರ್‌ನಲ್ಲಿ ಕೇಳಿದರೆ ಐಸ್ ಹಾಕಿದ ನೀರು ಉಚಿತ. ಫ್ಲೋರಿಡಾದ ಸೆಕೆಯಲ್ಲಿ ದಿನಕ್ಕೆ ಎಷ್ಟು ಲೋಟ ಬೇಕಾಗುತ್ತದೆ ನೋಡಿ!

ಬಫೆಯಲ್ಲಿ 3ರಿಂದ 9 ವರ್ಷದವರಿಗೆ ಮಕ್ಕಳ ದರ. 3 ವರ್ಷದೊಳಗಿನವರಿಗೆ ದುಡ್ಡಿಲ್ಲ. ಆದರೂ ಬಫೆ ದುಬಾರಿಯೇ. ಮಿಕ್ಕಿ ಮೌಸ್ ವೇಷಧಾರಿ ಮೇಜಿನ ಬಳಿ ಬರುವ ಬಫೆಯಲ್ಲಿ ಉಣ್ಣುವ ಆಸೆ ಮಕ್ಕಳಿಗಿದ್ದರೆ, ಇಡೀ ಪ್ರವಾಸದಲ್ಲಿ ಒಂದೇ ಸಲ ಹೋಗಿ. ಅದಕ್ಕೆ ಮಾತ್ರ ಜಿಪುಣತನ ಬೇಡ. ಉಳಿದ ಕಡೆ ಏನು ಬೆಲೆ ಎಂದು ಡಿಸ್ನಿ ಆಪ್‌ನ ಮೆನುವಿನಲ್ಲಿ ಮೊದಲೇ ನೋಡಿಕೊಳ್ಳಿ.