ನಾಯಿಯ ಉಣ್ಣಿ ಜ್ವರ: ಮನೆಯ ಮಾತ್ರೆ ಬೇಡ

ಪ್ರಶ್ನೆ: ನಮ್ಮ ಮೂರು ವರ್ಷದ ಲ್ಯಾಬ್ರಡಾರ್ ನಾಯಿ ಊಟ ಬಿಟ್ಟಿದೆ, ಮೈ ಸುಡುತ್ತಿದೆ. ನಿನ್ನೆ ಮೂಗಿನಿಂದ ರಕ್ತ ಬಂತು. ಕಿವಿಯೊಳಗೆ ಉಣ್ಣಿಗಳಿವೆ. ಮನೆಯಲ್ಲಿರುವ ಜ್ವರದ ಮಾತ್ರೆ ಕೊಡಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ದಯವಿಟ್ಟು ಕೊಡಬೇಡಿ. ಐಬುಪ್ರೊಫೆನ್‌ನಂತಹ ಮನುಷ್ಯರ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಬೆಕ್ಕಿಗಂತೂ ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಪ್ರಾಣಕ್ಕೆ ಎರವಾಗಬಹುದು.

ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಎರ್ಲಿಕಿಯಾ ಎಂಬ ಉಣ್ಣಿ ಜ್ವರದ ಶಂಕೆ ಬಲವಾಗಿದೆ. ಕಂದು ಉಣ್ಣಿ ಕಚ್ಚಿದಾಗ ದೇಹ ಸೇರುವ ಇದರ ಬ್ಯಾಕ್ಟೀರಿಯಾ ಬಿಳಿ ರಕ್ತಕಣಗಳಲ್ಲಿ ನೆಲೆಸುತ್ತದೆ, ಮತ್ತು ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳು ಕುಸಿಯುವುದರಿಂದ ಮೂಗಿನಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ತುಟಿ ಎತ್ತಿ ವಸಡು ನೋಡಿ. ಅದು ಬಿಳಿಚಿಕೊಂಡಿದ್ದರೆ ಅಥವಾ ಹೊಟ್ಟೆಯ ಚರ್ಮದಲ್ಲಿ ಸಣ್ಣ ಕೆಂಪು ಚುಕ್ಕೆಗಳಿದ್ದರೆ ಒಂದು ಗಂಟೆಯನ್ನೂ ಕಳೆಯಬೇಡಿ. ಅವು ಇಲ್ಲದಿದ್ದರೂ ಇಂದೇ ಪಶುವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ತಪ್ಪದೆ ತಿಳಿಸಿ, ಏಕೆಂದರೆ ಅದು ಬೆಬೀಸಿಯಾ ಎಂಬ, ಉಣ್ಣಿಯಿಂದಲೇ ಬರುವ ಇನ್ನೊಂದು ರೋಗದ ಸೂಚನೆಯಾಗಿರಬಹುದು. ಅದರ ಔಷಧವೇ ಬೇರೆ.

ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಕೆಲವೇ ದಿನಗಳಲ್ಲಿ ನಾಯಿ ಚುರುಕಾಗುತ್ತದೆ, ಮನೆಯವರು ಔಷಧ ನಿಲ್ಲಿಸುತ್ತಾರೆ, ರೋಗ ಒಳಗೇ ಉಳಿಯುತ್ತದೆ. ಹಾಗಾಗಲು ಬಿಡಬೇಡಿ.

ಉಣ್ಣಿಗೆ ಸೀಮೆಎಣ್ಣೆ ಹಚ್ಚದೆ, ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರವಾಗಿ ಎಳೆಯಿರಿ. ಅವು ಗೋಡೆಯ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಯಿಡುವುದರಿಂದ ನಾಯಿ ಮಲಗುವ ಜಾಗಕ್ಕೂ ಚಿಕಿತ್ಸೆ ಬೇಕು. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಉಣ್ಣಿ ಔಷಧ ಬಳಸಬೇಡಿ, ಅದು ಬೆಕ್ಕಿಗೆ ವಿಷ.